ನನ್ನ ಹೆಸರು ಬಿಡದ ಕಾರು

ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ಕನ್ನಡಕ ಕಳೆಯುತ್ತದೆ. ನಮ್ಮ ಮನೆಯಲ್ಲಿ ಕಾರಿನ ಕಾಗದ ಕೆಡುತ್ತದೆ. ಯಾರೂ ಬೇಕೆಂದು ಕೆಡಿಸುವುದಿಲ್ಲ. ಎಲ್ಲರೂ ಒಳ್ಳೆಯವರು, ದೈವಭಕ್ತರು, ಖರ್ಚಿನ ವಿಷಯದಲ್ಲಿ ಕೈ ಬಿಗಿ ಹಿಡಿಯುವವರು. ಈ ಮೂರು ಗುಣಗಳೂ ಒಂದೇ ಮನೆಯಲ್ಲಿ ಸೇರಿದರೆ ಸರ್ಕಾರಿ ಕಚೇರಿಗಳಿಗೆ ಕೆಲಸ ಕಡಿಮೆಯಾಗುವುದಿಲ್ಲ.

ಕಥೆಯ ನಾಯಕಿ ಕಂದು ಬಣ್ಣದ ಒಂದು ಹಳೆಯ ಜಪಾನಿ ಕಾರು. 2001ರಿಂದ 2008ರವರೆಗೆ ಅದು ಲಾಸ್ ಏಂಜಲೀಸ್‌ಗೂ ಸ್ಯಾನ್ ಡಿಯಾಗೋಗೂ ಓಡಾಡಿತು, ಕೈ ಬದಲಾಯಿಸಿತು, ಬಂಪರ್ ಬದಲಾಯಿಸಿತು. ಕಾಗದದಲ್ಲಿ ಮಾತ್ರ ನನ್ನ ಹೆಸರು ಬಿಟ್ಟು ಕದಲಲಿಲ್ಲ. ಆ ಹೆಸರನ್ನು ಬಿಡಿಸಿಕೊಳ್ಳಲು ನಾನು ಏನೇನು ಪಾಡುಪಟ್ಟೆ ಎನ್ನುವುದನ್ನು ಈಗ ನಗುತ್ತಾ ಹೇಳುತ್ತಿದ್ದೇನೆ. ಆಗ ನಗು ಬಂದಿರಲಿಲ್ಲ.

ನಾನು ಬೆಂಗಳೂರಿನವಳು, ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ನಮ್ಮವರು ಹುಬ್ಬಳ್ಳಿಯವರು, ಎಂಜಿನಿಯರು. ಮನೆ ನಾರ್ತ್‌ರಿಜ್‌ನಲ್ಲಿ. ವಾಹನಗಳ ವ್ಯವಹಾರ ನೋಡುವ ಸರ್ಕಾರಿ ಕಚೇರಿಗೆ ಅಲ್ಲಿ ಬೇರೆ ಹೆಸರಿದೆ, ಆದರೆ ನಾವು ಕನ್ನಡದವರು ಅದನ್ನು ಆರ್‌ಟಿಓ ಅಂತಲೇ ಕರೆಯುತ್ತಿದ್ದೆವು. ಕಾರು ಯಾರದು ಎಂದು ಹೇಳುವ ಪತ್ರಕ್ಕೆ ಆ ಊರಲ್ಲಿ ಪಿಂಕ್ ಸ್ಲಿಪ್ ಎನ್ನುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಅರಿಶಿನ

ಅಮೆರಿಕಕ್ಕೆ ಬಂದ ಹೊಸತು. ನಮ್ಮವರು ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದರು. "ಹಾರ್ನ್ ಹೊಡೀದs ಗಾಡಿ ಹೊಡಿ ಅಂದ್ರ ಹೆಂಗ ಹೊಡೀಬೇಕು?" ಅಂತ ಅವರ ವಾದ. ನಾನು ಮೊದಲ ಸಲಕ್ಕೇ ಪಾಸಾಗಿದ್ದೆ. ಹಾಗಾಗಿ ಕಾರು ನನ್ನ ಹೆಸರಿಗೆ ಎಂದು ತೀರ್ಮಾನವಾಯಿತು. ಸ್ಟೀಲ್ ಲೋಟದ ಮೇಲೂ ಅಪ್ಪನ ಹೆಸರನ್ನೇ ಕೊರೆಸಿದ್ದ ಮನೆಯಿಂದ ಬಂದವಳು ನಾನು. ನನ್ನ ಹೆಸರಿನಲ್ಲಿ ಅದುವರೆಗೆ ಇದ್ದದ್ದು ಲೈಬ್ರರಿ ಕಾರ್ಡ್ ಒಂದೇ. ಆ ದಿನ ಹಿಗ್ಗಿದ್ದು ಸುಳ್ಳಲ್ಲ.

ಕಾರು ನಮ್ಮ ಬೀದಿಯ ಒಬ್ಬ ಅಮೆರಿಕನ್ ಅಜ್ಜಿಯದು. ಕಣ್ಣು ಮಂದವಾಯಿತೆಂದು ಡ್ರೈವಿಂಗ್ ಬಿಟ್ಟಿದ್ದರು. "ಶನಿವಾರ ಬಂದು ತಗೊಂಡು ಹೋಗಿ" ಎಂದರು.

"ಶನಿವಾರ ನಾವು ಕಬ್ಬಿಣ ಕೊಳ್ಳುವುದಿಲ್ಲ" ಎಂದರು ನಮ್ಮವರು.

ಅಜ್ಜಿ ಕಾರನ್ನೊಮ್ಮೆ ನೋಡಿ, "ಇದು ಹೆಚ್ಚಾಗಿ ಪ್ಲಾಸ್ಟಿಕ್ಕೇ" ಎಂದರು.

ಅಂತೂ ಭಾನುವಾರ, ರಾಹುಕಾಲ ಶುರುವಾಗುವ ಮುಂಚೆ, ವ್ಯಾಪಾರ ಮುಗಿಯಿತು. ಅಜ್ಜಿ ಪಿಂಕ್ ಸ್ಲಿಪ್ಪಿನ ಮೇಲೆ ಎಷ್ಟು ಮೈಲಿ ಓಡಿದೆ ಎಂದು ಬರೆದು ಸಹಿ ಹಾಕಿ ಕೊಟ್ಟರು. ಆ ಸಂಜೆ ನಮ್ಮವರು ಹುಬ್ಬಳ್ಳಿಗೆ ಫೋನ್ ಮಾಡಿ ಅವ್ವನಿಗೆ ಸುದ್ದಿ ಹೇಳಿದರು. ಅತ್ತೆ ಖುಷಿಪಟ್ಟು ಒಂದು ಮಾತು ಸೇರಿಸಿದರು: "ಹೊಸಾ ಕಾಗದ ಅಂದ್ರ ನಾಕೂ ಮೂಲಿಗೆ ಅರಿಷಿಣ ಹಚ್ಚಬೇಕಪಾ. ನಡುವ ಒಂದೀಟು ಕುಂಕುಮ." ಲಗ್ನಪತ್ರಿಕೆಗೆ ಹಚ್ಚುವುದಿಲ್ಲವೇ, ಹೊಸ ಲೆಕ್ಕದ ಪುಸ್ತಕಕ್ಕೆ ಹಚ್ಚುವುದಿಲ್ಲವೇ? ನಮ್ಮವರು ಭಕ್ತಿಯಿಂದ ಅರಿಶಿನ ಕಲಸಿದರು. ನಾನೂ ಪಕ್ಕದಲ್ಲಿ ನಿಂತು ಚೆನ್ನಾಗಿ ಕಾಣಿಸುತ್ತದೆ ಎಂದೆ.

ಸೋಮವಾರ ಆರ್‌ಟಿಓದಲ್ಲಿ ಹನುಮಂತನ ಬಾಲದಂಥ ಕ್ಯೂ. ನಮ್ಮ ಸರದಿ ಬಂದಾಗ ಕೌಂಟರಿನ ಹೆಂಗಸು ಕಾಗದವನ್ನು ಉಗುರಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಮೂಸಿದಳು.

"ಇದೇನು, ಸಾಸಿವೆ ಸಾಸಾ?"

"ಅಲ್ಲ, ಅರಿಶಿನ. ಶುಭ" ಎಂದರು ನಮ್ಮವರು.

"ಈ ಕೆಂಪು?"

"ಅದು ಇನ್ನೂ ಶುಭ."

ಆ ಇನ್ನೂ ಶುಭವಾದದ್ದು ಸರಿಯಾಗಿ ಮೈಲಿಯ ಅಂಕಿಗಳ ಮೇಲೆ ಕೂತಿತ್ತು. ಅಂಕಿ ಮುಚ್ಚಿದ್ದರೆ ತಿದ್ದಿದ ಹಾಗೆ, ತಿದ್ದಿದ್ದರೆ ಪತ್ರ ಅಸಿಂಧು. ಡೂಪ್ಲಿಕೇಟಿಗೆ ಬೇರೆ ಅರ್ಜಿ, ಬೇರೆ ಫೀ, ಅಜ್ಜಿಯ ಸಹಿ ಮತ್ತೊಮ್ಮೆ. ಅದರ ಮೇಲೆ ಟ್ರಾನ್ಸ್‌ಫರ್ ಫೀ. ಅದರ ಮೇಲೆ ನಾವು ಕೊಟ್ಟ ಬೆಲೆಗೆ ತೆರಿಗೆ. "ಮುದುಕಿ ಹೊಸಾದು ತಗೊಂಡಾಗ ತೆರಿಗಿ ಕಟ್ಟಿದ್ಲಲ್ಲ, ಅದs ಗಾಡಿಗೆ ಮತ್ತ ಯಾಕ?" ಎಂದು ನಮ್ಮವರು ನನ್ನನ್ನು ಕೇಳಿದರು, ಕಾನೂನು ನಾನೇ ಮಾಡಿದ ಹಾಗೆ. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಚೆಕ್ ಬರೆದೆ.

ಅಜ್ಜಿಯ ಸಹಿ ಹಾಕಿಸಿಕೊಂಡು ಮರುದಿನ ಮತ್ತೆ ಹೋದೆವು. ಅದೇ ಹೆಂಗಸು ರಸೀದಿ ಕೊಡುತ್ತಾ ಬಹಳ ಮೃದುವಾಗಿ ಹೇಳಿದಳು: "ಹೊಸ ಪತ್ರ ಪೋಸ್ಟಿನಲ್ಲಿ ಬರುತ್ತದೆ. ದಯವಿಟ್ಟು ಅದನ್ನು ಅಡುಗೆಮನೆಯಲ್ಲಿ ಬಿಚ್ಚಬೇಡಿ."

ಆನೆ ತೆಗೆದದ್ದು

2003ರಲ್ಲಿ ನಮಗೆ ದೊಡ್ಡ ಕಾರು ಬಂತು, ಕಂದು ಕಾರನ್ನು ಮಾರಲು ಹೊರಟೆವು. ಗಿರಾಕಿಯೂ ಸಿಕ್ಕಿದ. ಸ್ಯಾನ್ ಡಿಯಾಗೋದ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರು, ಮೈಸೂರಿನ ಹುಡುಗ. ನನಗಿಂತ ಎಂಟೋ ಒಂಬತ್ತೋ ವರ್ಷ ಚಿಕ್ಕವನು, ಬಾಗಿಲಲ್ಲೇ "ನಮಸ್ಕಾರ ಆಂಟಿ" ಅಂದ. ಅವನ ಬಗ್ಗೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮಾರುವವರು ಕಾರಿನ ಹೊಗೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಕೊಡಬೇಕು. ಹಾಗಂತ ಒಂದು ಗ್ಯಾರೇಜಿಗೆ ಹೋದೆವು. ದಪ್ಪ ಮೀಸೆಯ ಮೆಕ್ಯಾನಿಕ್ ಒಬ್ಬ ಬಾನೆಟ್ ತೆಗೆದ, ಪೈಪಿಗೆ ಕೊಳವೆ ಸಿಕ್ಕಿಸಿದ, ಆಮೇಲೆ ಕಾರಿನ ನಂಬರ್ ಹುಡುಕಲು ಶುರುಮಾಡಿದ. ಪ್ರತಿ ಕಾರಿಗೂ ಕಾರ್ಖಾನೆಯಲ್ಲೇ ಒಂದು ಉದ್ದ ನಂಬರ್ ಕೊಟ್ಟಿರುತ್ತಾರೆ. ಅದು ಮುಂದಿನ ಗಾಜಿನ ಕೆಳಗೆ, ಎಡಮೂಲೆಯಲ್ಲಿ, ಒಂದು ಸಣ್ಣ ತಗಡಿನ ಮೇಲಿರುತ್ತದೆ.

ನಮ್ಮ ಕಾರಿನಲ್ಲಿ ಆ ತಗಡಿನ ಮೇಲೆ ಗಣಪತಿ ಇದ್ದ.

ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆಯ ಗಣಪತಿ. ಇರಲು ಎರಡು ಅಡಿ ಅಗಲದ ಡ್ಯಾಶ್‌ಬೋರ್ಡು ಖಾಲಿ ಇತ್ತು, ನಮ್ಮವರಿಗೆ ಆ ಮೂಲೆಯೇ ಪ್ರಶಸ್ತವಾಗಿ ಕಂಡಿತ್ತು. ಸಾಮಾನ್ಯ ಅಂಟು ನಾರ್ತ್‌ರಿಜ್‌ನ ಬಿಸಿಲಿಗೆ ಕರಗುತ್ತದೆಂದು ವಿಮಾನದ ಬಿಡಿಭಾಗಗಳಿಗೆ ಹಚ್ಚುವ ಅಂಟನ್ನು ಸ್ನೇಹಿತರಿಂದ ತರಿಸಿ ಕೂರಿಸಿದ್ದರು. ಬಾಗಿಲ ಅಂಚಿನ ಸ್ಟಿಕ್ಕರಿನಲ್ಲೂ ನಂಬರ್ ಇರುತ್ತದೆ, ಆದರೆ ನಮ್ಮದು ಮಾಸಿ ಬೆಳ್ಳಗಾಗಿತ್ತು.

"ಈ ಗೊಂಬೆ ತೆಗೀರಿ" ಎಂದ ಮೆಕ್ಯಾನಿಕ್.

"ಇದು ಗೊಂಬೆ ಅಲ್ಲ."

"ಏನೇ ಆಗಲಿ, ತೆಗೀರಿ. ನಂಬರ್ ಇಲ್ಲದೆ ಸರ್ಟಿಫಿಕೇಟ್ ಇಲ್ಲ."

"ಹಾಗೆಲ್ಲ ತೆಗೆಯಲು ಬರುವುದಿಲ್ಲ. ಕೂರಿಸಿದವರನ್ನು ಕಳಿಸಿಕೊಡುವ ಕ್ರಮ ಇದೆ" ಎಂದರು ನಮ್ಮವರು, ಒಳ್ಳೆ ಬೀಗರ ವಿಷಯ ಮಾತಾಡುವ ಹಾಗೆ.

ಕ್ರಮ ನಡೆಯಿತು. ನಮ್ಮವರು ಚಪ್ಪಲಿ ಬಿಟ್ಟು, ಡ್ರೈವರ್ ಸೀಟಿನಲ್ಲಿ ಮಂಡಿಯೂರಿ, ನೀರಿನ ಬಾಟಲಿಯಿಂದ ಮೂರು ಸಲ ಪ್ರೋಕ್ಷಣೆ ಮಾಡಿ, ವಿಸರ್ಜನೆಯ ಮಂತ್ರ ಹೇಳಿದರು. ಮೆಕ್ಯಾನಿಕ್ ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ಹಿಂದಿನ ಕಾರಿನವರೂ ಎಂಜಿನ್ ಆಫ್ ಮಾಡಿದರು. ಆಮೇಲೆ ಅವನು ತನ್ನ ಡಬ್ಬಿಯಿಂದ ಮೀನು ಹಿಡಿಯುವ ದಾರ ತಂದು, ಗಣಪತಿಯ ಬುಡಕ್ಕೆ ಹಾಕಿ, ಗರಗಸದ ಹಾಗೆ ಆಚೀಚೆ ಎಳೆದ. ಗಣಪತಿ ಎದ್ದ, ಜೊತೆಯಲ್ಲಿ ನಾಣ್ಯದಷ್ಟು ಡ್ಯಾಶ್‌ಬೋರ್ಡನ್ನೂ ತಂದ.

"ಕೊನೆಗೆ ಏನೋ ಪುನರಾಗಮನ ಅಂದ್ರಲ್ಲ, ಏನದು?" ಎಂದು ಕೇಳಿದೆ.

"ಮತ್ತ ಬಾ ಅಂತ."

"ಯಾರಿಗೆ? ಗಣಪತಿ ಇರೋದು ಕಾರಲ್ಲಿ. ಕಾರನ್ನೇ ನಾವು ಮಾರ್ತಿರೋದು. ಅವನು ಮತ್ತೆ ಬರೋದು ಅಂದ್ರೆ ಹೇಗೆ ಬರ್ತಾನ್ರೀ?"

ನಮ್ಮವರು ಡಿಕ್ಕಿಯಿಂದ ಅದೇ ವಿಮಾನದ ಅಂಟು ತಂದು ಹಚ್ಚಿ, ಗಣಪತಿಯನ್ನು ಒಂದು ಗೇಣು ಬಲಕ್ಕೆ ಕೂರಿಸಿದರು. ಕಾರು ಪಾಸಾಯಿತು. ರಸೀದಿಯಲ್ಲಿ ಮೆಕ್ಯಾನಿಕ್ ನೀಟಾಗಿ ಬರೆದಿದ್ದ: ಹೊಗೆ ಪರೀಕ್ಷೆ ಇಷ್ಟು, ಸರ್ಟಿಫಿಕೇಟ್ ಇಷ್ಟು, ಆನೆ ತೆಗೆದದ್ದು ಉಚಿತ.

ಕೊಡುಬಳೆ

ಕಾರು ಮಾರಿದವರು ಐದು ದಿನದೊಳಗೆ ಸರ್ಕಾರಕ್ಕೆ ಒಂದು ಚೀಟಿ ಕಳಿಸಬೇಕು. ಇನ್ನು ಈ ಕಾರಿಗೂ ನನಗೂ ಸಂಬಂಧವಿಲ್ಲ, ಇಂಥವರಿಗೆ ಕೊಟ್ಟಿದ್ದೇನೆ ಎಂದು. ಇಡೀ ವ್ಯವಹಾರದಲ್ಲಿ ಫೀ ಇಲ್ಲದ ಕೆಲಸ ಅದೊಂದೇ. ನಾನು ಚೀಟಿ ತುಂಬಿಸಿ ಸ್ಟಾಂಪ್ ಹಚ್ಚುತ್ತಿದ್ದಾಗ ನಮ್ಮವರು ನೋಡಿದರು.

"ಇದೇನಿದು? ಹುಡುಗ ನಮ್ಮ ಮನ್ಯಾಗ ಉಂಡು ಹೋಗ್ಯಾನ. ಅಂವನ ಮ್ಯಾಲ ಸರಕಾರಕ್ಕ ಚೀಟಿ ಬರೀತಿಯೇನು? ಗೊತ್ತಾದ್ರ ಏನ ತಿಳ್ಕೋತಾನ? ಹತ್ತು ದಿನದಾಗ ಅಂವನs ತನ್ನ ಹೆಸರಿಗೆ ಮಾಡಿಸ್ಕೋತಾನ, ಬಿಡು."

ಬಿಟ್ಟೆ. ಹತ್ತು ದಿನವಾಯಿತು, ಎರಡು ತಿಂಗಳಾಯಿತು, ಐದು ದಿನದ ಚೀಟಿಗೂ ಕಾಲ ಮೀರಿತು. ಹುಡುಗನಿಗೆ ಫೋನ್ ಮಾಡಿದೆ.

"ಆಂಟಿ, ಈಗ ಕಾರಿನ ಲೈಸೆನ್ಸ್ ಫೀ ಮೂರು ಪಟ್ಟು ಮಾಡ್ತಾರಂತೆ. ಜನ ಎಲ್ಲಾ ಬೈತಿದ್ದಾರೆ. ಗವರ್ನರ್ ಹೋದ್ರೆ ಇಳಿಯುತ್ತಂತೆ. ಅಲ್ಲೀವರ್ಗೂ ಕಾಯೋಣ ಅಂತ."

"ಅದಕ್ಕೂ ಟ್ರಾನ್ಸ್‌ಫರ್‌ಗೂ ಸಂಬಂಧ ಇಲ್ಲಪ್ಪ."

"ಇದ್ರೂ ಇರಬಹುದು ಆಂಟಿ."

ಗವರ್ನರ್ ಹೋದರು. ಹೊಸಬರು ಬಂದರು. ಫೀ ಇಳಿಯಿತು. ಹುಡುಗ ದೇವರ ಗೂಡಿನಲ್ಲಿ ಇಟ್ಟಿದ್ದ ಪಿಂಕ್ ಸ್ಲಿಪ್ ಮಾತ್ರ ಇಳಿಯಲಿಲ್ಲ. ಮತ್ತೆ ಕೇಳಿದರೆ, "ಈಗ ಹೋದ್ರೆ ಲೇಟಾಗಿದ್ದಕ್ಕೆ ಪೆನಾಲ್ಟಿ ಹಾಕ್ತಾರಂತೆ ಆಂಟಿ" ಎಂದ.

"ಕಾದಷ್ಟೂ ಪೆನಾಲ್ಟಿ ಜಾಸ್ತಿ ಆಗುತ್ತಲ್ಲಪ್ಪ?"

"ಅದಕ್ಕೇ ಯೋಚ್ನೆ ಮಾಡ್ತಿದೀನಿ."

ಅವನು ಯೋಚನೆ ಮಾಡುತ್ತಿದ್ದಾಗ ಲಕೋಟೆಗಳು ಬರತೊಡಗಿದವು. ಸ್ಯಾನ್ ಡಿಯಾಗೋದಲ್ಲಿ ಬೀದಿ ಗುಡಿಸುವ ದಿನ ಆ ಬದಿಯಲ್ಲಿ ಕಾರು ನಿಲ್ಲಿಸಬಾರದು. ಹುಡುಗ ಅಂದೇ ನಿಲ್ಲಿಸುತ್ತಿದ್ದ. ಸಮುದ್ರದ ಹತ್ತಿರ ಮೀಟರಿಗೆ ನಾಣ್ಯ ಹಾಕಬೇಕು. ಮರೆಯುತ್ತಿದ್ದ. ದಾರಿಯಲ್ಲಿ ಸುಂಕದ ರಸ್ತೆ ಹತ್ತಿದರೆ ದುಡ್ಡು ಕೊಡಬೇಕು. ಅವನು ಬೈಪಾಸ್ ಎಂದುಕೊಂಡಿದ್ದ. ಟಿಕೆಟ್ ಎಂದು ಕರೆಯುವ ಈ ದಂಡದ ಕಾಗದಗಳೆಲ್ಲ ಮಾಲೀಕರ ಹೆಸರಿಗೆ ಬರುತ್ತವೆ, ಮಾಲೀಕಳು ನಾನು. ಒಂದು ಕಾಲಕ್ಕೆ ಅಚ್ಚಿನಲ್ಲಿ ನನ್ನ ಹೆಸರು ನೋಡಿ ಹಿಗ್ಗಿದವಳು, ಈಗ ಲಕೋಟೆಯ ಮೇಲೆ ಅದೇ ಹೆಸರು ನೋಡಿದರೆ ಬಿಚ್ಚದೆ ಮೇಜಿನ ಮೇಲೆ ಕವುಚಿ ಇಡುತ್ತಿದ್ದೆ. ಪೋಸ್ಟಿನವನು ಕೂಡ ನನ್ನನ್ನು ಒಂಥರಾ ನೋಡತೊಡಗಿದ್ದ. ನಿಜ ಹೇಳುತ್ತೇನೆ, ನನಗೆ ಅವಮಾನವಾಗುತ್ತಿತ್ತು.

ಹುಡುಗ ಕೆಟ್ಟವನಲ್ಲ. ಫೋನ್ ಮಾಡಿದ ಕೂಡಲೇ ದಂಡ ಕಟ್ಟುತ್ತಿದ್ದ. ಆಗ ಅವನ ಅಮ್ಮ ಮೈಸೂರಿನಿಂದ ಬಂದಿದ್ದರು. ಮಗನಿಂದ ನಮಗೆ ತೊಂದರೆಯಾಯಿತೆಂದು ಅವರಿಗೆ ಸಂಕೋಚ. ಒಂದೊಂದು ಟಿಕೆಟಿಗೂ ಒಂದೊಂದು ಡಬ್ಬಿ ಕೊಡುಬಳೆ ಕಳಿಸುತ್ತಿದ್ದರು. ಎಳ್ಳು, ಓಮ, ಕೊಬ್ಬರಿ ಹಾಕಿದ ಗರಿಗರಿ ಕೊಡುಬಳೆ. ಅಮೆರಿಕದಲ್ಲಿ ಅಂಥದ್ದು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಇಲ್ಲಿಂದ ನಮ್ಮವರ ಬುದ್ಧಿ ಕೆಟ್ಟಿತು. ನಾನು ಆಫೀಸಿನಿಂದ ಬಂದ ಕೂಡಲೇ, "ಪೋಸ್ಟ್ ಏನರೆ ಬಂತೇನು?" ಎಂದು ಕೇಳತೊಡಗಿದರು. ಎರಡು ವಾರ ಟಿಕೆಟ್ ಬರದಿದ್ದರೆ ಮುಖ ಸಪ್ಪೆ. "ಹುಡುಗಗ ಆರಾಮ ಇಲ್ಲೇನು? ಗಾಡಿ ಹೊರಗ ತಗದಾನೋ ಇಲ್ಲೋ?" ಟ್ರಾನ್ಸ್‌ಫರ್ ಮಾಡಿಸು ಎಂದು ನಾನು ಫೋನಿನಲ್ಲಿ ಅವನಿಗೆ ಜೋರು ಮಾಡುತ್ತಿದ್ದರೆ ಇವರು ಹಿಂದಿನಿಂದ, "ಅವಸರ ಮಾಡಬ್ಯಾಡ ಅನ್ನು, ಆಷಾಢ ಮುಗೀಲಿ" ಎನ್ನುತ್ತಿದ್ದರು. ನನ್ನ ಹೆಸರಿಗೂ ಕೊಡುಬಳೆಗೂ ನಡುವೆ ಅವರು ಯಾವ ಕಡೆ ಎನ್ನುವುದು ನನಗೆ ಗೊತ್ತಾಗಿಹೋಯಿತು.

ಆರು ತಿಂಗಳು ಮುಗಿದು ಹುಡುಗನ ಅಮ್ಮ ಮೈಸೂರಿಗೆ ಹಿಂತಿರುಗಿದರು. ಮುಂದಿನ ವಾರ ಟಿಕೆಟ್ ಬಂತು, ಡಬ್ಬಿ ಬರಲಿಲ್ಲ. ಅದರ ಮುಂದಿನ ವಾರವೂ ಹಾಗೇ. ನಮ್ಮವರು ಎದ್ದು ನಿಂತು ಮೇಜು ಗುದ್ದಿದರು: "ಇದು ಅನ್ಯಾಯ! ಇನ್ನೊಬ್ಬರ ಹೆಸರಿನ ಮ್ಯಾಲ ಗಾಡಿ ಹೊಡೀತಾನಂದ್ರ ಏನು? ಕಾನೂನು ಅನ್ನೂದು ಐತೋ ಇಲ್ಲೋ?"

ಪುನರಾಗಮನ

2007ರಲ್ಲಿ ಹುಡುಗನಿಗೆ ದೂರದ ಇನ್ನೊಂದು ರಾಜ್ಯದಲ್ಲಿ ಕೆಲಸವಾಯಿತು. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಮುಂದೆ ಕಂದು ಕಾರು. ಬಂಪರ್ ಬೇರೆ, ಗಣಪತಿ ಅದೇ.

"ಆಂಟಿ, ಅಲ್ಲಿಗೆ ಇದನ್ನ ಓಡಿಸ್ಕೊಂಡು ಹೋಗಕ್ಕಾಗಲ್ಲ. ಮಾರಕ್ಕೂ ಆಗಲ್ಲ, ನಿಮ್ಮ ಹೆಸರಲ್ಲಿದೆ. ಟಿಕೆಟ್ ಎಲ್ಲಾ ಕ್ಲಿಯರ್ ಮಾಡಿದೀನಿ. ನೀವೇ ಇಟ್ಕೊಳ್ಳಿ." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಮಾಡುವವನಂತೆ ಸೇರಿಸಿದ: "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಆಂಟಿ. ಟ್ರಾನ್ಸ್‌ಫರ್ ಫೀ ಉಳೀತು ನೋಡಿ."

ನಾಲ್ಕು ವರ್ಷ ಅವನು ಕಟ್ಟಿದ ದಂಡದಲ್ಲಿ ಇಡೀ ಬೀದಿಯ ಕಾರುಗಳನ್ನು ಟ್ರಾನ್ಸ್‌ಫರ್ ಮಾಡಿಸಬಹುದಿತ್ತು. ನಾನು ಕೈ ಚಾಚಿ ಪಿಂಕ್ ಸ್ಲಿಪ್ ಕೇಳಿದೆ. ಅವನು ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಕೊಟ್ಟ.

ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಕುಂಕುಮ.

"ಅಮ್ಮ ಹಚ್ಚಿದ್ರು ಆಂಟಿ. ಚೆನ್ನಾಗಿ ಕಾಣಿಸುತ್ತೆ ಅಲ್ವಾ?"

ಕಬ್ಬಿಣ

ಅತ್ತೆ ಹುಬ್ಬಳ್ಳಿಯಿಂದ ಬಂದಿದ್ದ ವರ್ಷ ಅದು, 2008. ಅವರ ಬೆಳಗಾವಿಯ ಗೆಳತಿಯ ಮೊಮ್ಮಗಳು ನಾರ್ತ್‌ರಿಜ್‌ನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಅವಳಿಗೆ ಕಲ್ವರ್ ಸಿಟಿಯ ಒಂದು ಆಫೀಸಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಮೂರು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ದಿನಾ ಲೇಟು. ಸೋಮವಾರದಿಂದ ಸಮಯಕ್ಕೆ ಬರದಿದ್ದರೆ ಬರುವುದೇ ಬೇಡ ಎಂದು ಅವಳ ಮ್ಯಾನೇಜರ್ ಹೇಳಿದ್ದ. ನಮ್ಮ ಮನೆಗೆ ಬಂದು ಅತ್ತಳು. ಅವಳಿಗೆ ಕಾರು ಬೇಕು, ನನಗೆ ಬಿಡುಗಡೆ ಬೇಕು. ಕಂದು ಕಾರನ್ನು ಅವಳಿಗೆ ಸುಮ್ಮನೆ ಕೊಟ್ಟುಬಿಡುತ್ತೇನೆ ಎಂದೆ. ಉಡುಗೊರೆಯಾದರೆ ತೆರಿಗೆಯೂ ಇಲ್ಲ, ಟ್ರಾನ್ಸ್‌ಫರ್ ಫೀ ಮಾತ್ರ. ತೆರಿಗೆ ಇಲ್ಲ ಎಂದ ಕೂಡಲೇ ನಮ್ಮವರಿಗೂ ದಾನಬುದ್ಧಿ ಬಂತು.

ಹೊಗೆ ಪರೀಕ್ಷೆ ಮುಗಿಸಿದೆ. ಮತ್ತೊಂದು ಡೂಪ್ಲಿಕೇಟ್ ಪಿಂಕ್ ಸ್ಲಿಪ್ ತರಿಸಿ, ಅತ್ತೆಯ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಶುಕ್ರವಾರ ನಾನು, ನಮ್ಮವರು, ಹುಡುಗಿ ಹೊರಟೆವು. "ಇಲ್ಲೀ ಆರ್‌ಟಿಓ ಹೆಂಗ ಇರ್ತದ ನೋಡೂಣು" ಎಂದು ಅತ್ತೆಯೂ ವ್ಯಾನಿಟಿ ಬ್ಯಾಗ್ ಹಿಡಿದು ಬಂದರು.

ಕೌಂಟರಿನಲ್ಲಿ ಫಿಲಿಪೀನ್ಸ್ ಕಡೆಯ ಒಬ್ಬ ಹಿರಿಯ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ.

"ಉಡುಗೊರೆಯೋ?"

"ಹೌದು" ಎಂದೆ.

"ಏನೂ ಹಣ ತಗೊಂಡಿಲ್ಲ?"

"ಒಂದು ಪೈಸೆಯೂ ಇಲ್ಲ."

"ಹಾಗಂತ ಪ್ರಮಾಣ ಮಾಡಿ ಇಲ್ಲಿ ಸಹಿ ಹಾಕಿ. ಸುಳ್ಳಾದರೆ ಶಿಕ್ಷೆ ಇದೆ."

ಹಾಕಿದೆ. ಪೆನ್ನು ಕೆಳಗಿಟ್ಟಿಲ್ಲ, ಅತ್ತೆ ಮೊಣಕೈಯಲ್ಲಿ ಹುಡುಗಿಯನ್ನು ತಿವಿದರು. ಹುಡುಗಿ ಮುಂದೆ ಬಂದು, ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಎರಡು ವೀಳ್ಯದೆಲೆ, ಅಡಿಕೆ, ಮೇಲೊಂದು ಡಾಲರ್ ನೋಟು ನನ್ನ ಕೈಯಲ್ಲಿಟ್ಟು, ಕೌಂಟರಿನ ಮುಂದೆಯೇ ಕಾಲಿಗೆ ಬಿದ್ದಳು.

ಕೌಂಟರಿನ ಹೆಂಗಸು ಕನ್ನಡಕ ತೆಗೆದಳು. "ಮೇಡಂ, ಈಗ ತಾನೇ ಪ್ರಮಾಣ ಮಾಡಿದಿರಿ."

"ಅತ್ತೆ, ಏನಿದು?"

"ಕಬ್ಬಿಣ ಪುಕ್ಕಟೆ ಕೊಡಬಾರ್ದವಾ. ದಾನಾ ಆಗ್ತದ. ಕಬ್ಬಿಣ ದಾನಾ ತಗೊಂಡವರ ಹೆಗಲಿಗೆ ಕೊಟ್ಟವರ ಶನಿ ಏರ್ತಾನ. ಹುಡುಗಿ ನೌಕರಿಗೆ ಹೊಂಟಾಳ. ನಿನ್ನ ಶನಿ ಅಕಿಗ್ಯಾಕ?"

ನನಗೆ ಶನಿ ಇಲ್ಲ ಎಂದು ವಾದಿಸೋಣವೆಂದರೆ, ಅದು ಹೊರಗೆ ಪಾರ್ಕಿಂಗ್ ಲಾಟಿನಲ್ಲೇ ನಿಂತಿತ್ತು. ಹುಡುಗಿಯೂ ತಲೆ ತಗ್ಗಿಸಿ, "ನಮ್ಮವ್ವನೂ ಫೋನಿನಾಗ ಹಂಗs ಅಂದ್ಲು ಆಂಟಿ. ಪುಕ್ಕಟೆ ತಗೋಬ್ಯಾಡ ಅಂತ" ಎಂದಳು.

ಕೌಂಟರಿನ ಹೆಂಗಸಿಗೆ ಎಲ್ಲವನ್ನೂ ವಿವರಿಸಿದೆ. ಅವಳು ತಲೆದೂಗಿದಳು. "ನಮ್ಮ ಕಡೆ ಚಾಕು ಹಾಗೆಯೇ. ಸುಮ್ಮನೆ ಕೊಟ್ಟರೆ ಸ್ನೇಹ ಕಡಿಯುತ್ತದೆ, ಒಂದು ನಾಣ್ಯ ತಗೋಬೇಕು. ನನಗೆ ಅರ್ಥವಾಗುತ್ತದೆ. ಫಾರ್ಮಿಗೆ ಅರ್ಥವಾಗುವುದಿಲ್ಲ. ಉಡುಗೊರೆ ಅನ್ನಿ, ಡಾಲರ್ ವಾಪಸ್ ಕೊಡಿ. ಮಾರಾಟ ಅನ್ನಿ, ಓಡುವ ಕಾರು ಒಂದು ಡಾಲರಿಗೆ ಯಾಕೆ ಎಂದು ಮೇಲಿನವರು ಕೇಳುತ್ತಾರೆ, ಬೆಲೆ ಕಟ್ಟುತ್ತಾರೆ, ತೆರಿಗೆ ಹಾಕುತ್ತಾರೆ. ಇವತ್ತು ಮುಗಿಯುವುದಿಲ್ಲ."

"ಅವ್ವಾ, ತೆರಿಗಿ ಬೀಳ್ತದ" ಎಂದರು ನಮ್ಮವರು ಗಾಬರಿಯಿಂದ.

"ತೆರಿಗಿ ದೊಡ್ಡದೋ ಶನಿ ದೊಡ್ಡಾಂವೋ?"

ನಮ್ಮವರು ನಿಜವಾಗಿಯೂ ಯೋಚಿಸತೊಡಗಿದರು.

ಹುಡುಗಿಯ ಕಣ್ಣು ತುಂಬಿತ್ತು, ನನ್ನದೂ. ಐದು ವರ್ಷ ಕಾದ ಠಸ್ಸೆ ಒಂದು ಗೇಣು ದೂರದಲ್ಲಿದೆ, ಒಂದು ಡಾಲರ್ ಅಡ್ಡ ಬಂದಿದೆ. ನನ್ನ ತಾಳ್ಮೆ ಹಾರಿಹೋಯಿತು. "ಅತ್ತೆ, ಇವತ್ತು ಈ ಕಾರು ನನ್ನ ಹೆಸರು ಬಿಡದಿದ್ದರೆ, ಸೀದಾ ಹೋಗಿ ಸಮುದ್ರದಲ್ಲಿ ವಿಸರ್ಜನೆ ಮಾಡಿ ಬರ್ತೀನಿ!" ಎಂದೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅತ್ತೆ ಬೆಚ್ಚಲಿಲ್ಲ. "ವಿಸರ್ಜನೀ? ಗಣಪ್ಪ ಇನ್ನೂ ಅದರಾಗ ಇದ್ದಾನೇನು?"

"ಇದ್ದಾನೆ. ವಿಮಾನದ ಅಂಟು."

"ಹಂಗಾರ ಡಾಲರ್ ಗಣಪ್ಪಂದು. ಹುಡುಗಿ ಗಣಪ್ಪನ್ನ ತಗೊಂಡ್ಲು. ಗಾಡಿ ಅಂವನ ವಾಹನಾ. ದೇವರ ಕೂಡ ವಾಹನಾ ತಾನs ಬರ್ತದ. ಇಲಿಗೆ ಯಾರರೆ ಬ್ಯಾರೆ ರೊಕ್ಕಾ ಕೊಟ್ಟಾರೇನು?"

ಇಷ್ಟು ವರ್ಷ ಸೊಸೆಯಾಗಿದ್ದೂ ಆ ದಿನವೇ ಮೊದಲ ಸಲ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕೌಂಟರಿನ ಕಡೆ ತಿರುಗಿ ಹೇಳಿದೆ: "ಈ ಡಾಲರ್ ಕಾರಿಗಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಕೊಂಡಿರುವ ಆನೆ ದೇವರಿಗೆ. ಕಾರು ಉಚಿತ."

ಅವಳು ಫಾರ್ಮನ್ನು ಮತ್ತೆ ಕೈಗೆತ್ತಿಕೊಂಡಳು. "ಆನೆಯನ್ನು ಬಿಚ್ಚಿ ಕೊಡಬಹುದಲ್ಲ?"

"ಒಮ್ಮೆ ಬಿಚ್ಚಿದ್ದೆವು. ಅದಕ್ಕೇ ಕಾರು ವಾಪಸ್ ಬಂತು."

ಅವಳು ಕನ್ನಡಕ ಹಾಕಿಕೊಂಡು ಠಸ್ಸೆ ಒತ್ತಿದಳು. "ನಮ್ಮ ಆಫೀಸು ವಾಹನಗಳನ್ನು ಮಾತ್ರ ನೋಡುತ್ತದೆ. ಆನೆ ನಮಗೆ ಸೇರಿದ್ದಲ್ಲ."

ನನ್ನ ಹೆಸರು ಹೋಯಿತು. ಅಲ್ಲೇ ನಿಂತು, ಸಂಬಂಧವಿಲ್ಲ ಎನ್ನುವ ಆ ಚೀಟಿಯನ್ನೂ ತುಂಬಿ ಕೊಟ್ಟೆ. "ಹುಡುಗಿ ಮ್ಯಾಲ ನಂಬಿಕಿ ಇಲ್ಲೇನು?" ಎಂದರು ಅತ್ತೆ. "ಹುಡುಗಿ ಮೇಲೆ ಇದೆ ಅತ್ತೆ, ನಿಮ್ಮ ಮಗನ ನಾಲಿಗೆ ಮೇಲೆ ಇಲ್ಲ" ಎಂದೆ. ಹೊರಗೆ ಹುಡುಗಿ ಕಾರು ಸ್ಟಾರ್ಟ್ ಮಾಡಿದಾಗ ಅತ್ತೆ ಅಭ್ಯಾಸದಂತೆ ಕೈಯೆತ್ತಿ, "ಹೋಗಿ ಬ..." ಎನ್ನುವಷ್ಟರಲ್ಲಿ ನಾನು ಓಡಿಹೋಗಿ ಅವರ ಬಾಯಿ ಮುಚ್ಚಿದೆ. "ಹುಡುಗಿಗೆ ಮನೆಗೆ ಬಂದಾಗ ಹೇಳಿ ಅತ್ತೆ. ಕಾರಿನ ಎದುರು ಬರೀ ಹೋಗು ಅನ್ನಿ."

ಸೋಮವಾರ ಹುಡುಗಿ ಎಲ್ಲರಿಗಿಂತ ಮೊದಲು ಆಫೀಸಿನಲ್ಲಿದ್ದಳು. ಕೆಲಸ ಉಳಿಯಿತು.

ಒಂದು ತಿಂಗಳು ನಿಶ್ಚಿಂತೆಯಾಗಿದ್ದೆ. ಆಮೇಲೆ ಒಂದು ಸಂಜೆ ಪೋಸ್ಟ್ ಡಬ್ಬಿಯಲ್ಲಿ ಅದೇ ಬಣ್ಣದ, ಅದೇ ಉದ್ದದ ಲಕೋಟೆ. ತಿರುಗಿಸಿ ನೋಡಿದೆ. ವಿಳಾಸ ನಮ್ಮದೇ, ಹೆಸರು ಹುಡುಗಿಯದು. ವಿದ್ಯಾರ್ಥಿಗಳು ಆರು ತಿಂಗಳಿಗೊಮ್ಮೆ ಮನೆ ಬದಲಾಯಿಸುತ್ತಾರೆಂದು ಅವಳು ಆರ್‌ಟಿಓದಲ್ಲಿ ನಮ್ಮ ವಿಳಾಸ ಕೊಟ್ಟಿದ್ದಳಂತೆ. ಬೀದಿ ಗುಡಿಸುವ ದಿನ ಕಾರು ನಿಲ್ಲಿಸಿದ್ದಳು. ನನ್ನ ಹೆಸರಿಲ್ಲದ ಆ ಟಿಕೆಟನ್ನು ನಾನು ಎರಡು ಸಲ ಓದಿದೆ, ಅಷ್ಟು ಸಂತೋಷವಾಗಿತ್ತು. ನಮ್ಮವರ ಕೈಗೆ ಕೊಟ್ಟು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಹಾಲಿನಿಂದ ಅವರು ಹುಡುಗಿಗೆ ಫೋನ್ ಮಾಡುವುದು ಕೇಳಿಸಿತು.

"ಒಂದು ಟಿಕೆಟ್ ಬಂದದ ನೋಡವಾ. ಏ, ಅಂಜಬ್ಯಾಡ, ಆಗ್ತಿರ್ತದ. ನಮ್ಮ ಮನೀಗೆ ಬಂದ್ರ ಏನೂ ತ್ರಾಸಿಲ್ಲ, ಬರ್ಲಿ." ಆಮೇಲೆ ದನಿ ಸ್ವಲ್ಪ ತಗ್ಗಿತು. "ಅಲ್ಲ, ನಿಮ್ಮವ್ವ ಬೆಳಗಾವಿಯಿಂದ ಯಾವಾಗ ಬರ್ತಾರ? ಕುಂದಾ ಮಾಡ್ಲಿಕ್ಕೆ ಬರ್ತದೇನು ಅವರಿಗೆ?"